ಕೊನೆಗೆ ‘ಎಲ್’ ಅಂತ ಇದ್ದರೆ ಸಾಕು, ಎಲ್ಲರೂ ಸುಂದರಿಯರೇ!

ಬೆಳಿಗ್ಗೆ ಕಾಫಿ ಲೋಟ ಹಿಡಿದು ಫೋನ್ ತೆಗೆದರೆ ಫ್ಯಾಮಿಲಿ ಗ್ರೂಪಿನಲ್ಲಿ ಒಂದು ಫಾರ್ವರ್ಡ್. ಗುಲಾಬಿ ಹಿನ್ನೆಲೆ, ಮೂಲೆಯಲ್ಲಿ ಐಫೆಲ್ ಟವರ್. ‘ನಿಮ್ಮ ಪುಟ್ಟ ರಾಜಕುಮಾರಿಗೆ ಎಲ್ ಎಂದು ಮುಗಿಯುವ ಮುದ್ದಾದ ಫ್ರೆಂಚ್ ಹೆಸರುಗಳು, ಅರ್ಥಸಹಿತ’. ಕೆಳಗೆ ನ್ಯೂಜೆರ್ಸಿಯಲ್ಲಿರುವ ನಮ್ಮ ಚಿಕ್ಕಪ್ಪನ ಮಗಳು ನನ್ನನ್ನು ಟ್ಯಾಗ್ ಮಾಡಿದ್ದಾಳೆ. "ಅಕ್ಕಾ, ಇದರಲ್ಲಿ ಯಾವುದು ಚೆನ್ನಾಗಿದೆ ಹೇಳು, ನೀನು ಫ್ರೆಂಚ್ ಮೇಡಂ ಅಲ್ವಾ?"

ಹೌದಮ್ಮ, ನಾನು ಫ್ರೆಂಚ್ ಮೇಡಂ. ಕನ್ನಡ ತಗೊಂಡರೆ ಮಾರ್ಕ್ಸ್ ಬರಲ್ಲ ಅಂತ ಫ್ರೆಂಚ್ ತಗೊಂಡ ಮಕ್ಕಳಿಗೆ ವರ್ಷವಿಡೀ ಕ್ರಿಯಾಪದ ಕಲಿಸುವುದು ನನ್ನ ಹೊಟ್ಟೆಪಾಡು, ನಿಮಗೆಲ್ಲ ಗೊತ್ತೇ ಇದೆ. ಅದಕ್ಕೇ ಬಸಿರಿ ನೆಂಟರು, ಬಸಿರಿ ನೆಂಟರ ಗೆಳತಿಯರು, ಪಕ್ಕದ ಫ್ಲಾಟಿನವರ ಸೊಸೆ, ಎಲ್ಲರೂ ಹೆಸರು ಕೇಳಲು ನನ್ನ ಹತ್ತಿರವೇ ಬರುತ್ತಾರೆ. ಬರಲಿ, ಬೇಜಾರಿಲ್ಲ. ಬೇಜಾರು ಆ ಪಟ್ಟಿಯದ್ದು. ಯಾವ ಹೆಸರಿನ ಮುಂದೆ ನೋಡಿದರೂ ಸುಂದರಿ, ಕೋಮಲೆ, ರಾಜಕುಮಾರಿ, ಮತ್ತೆ ಸುಂದರಿ. ಇಷ್ಟು ಸುಳ್ಳನ್ನು ಇಷ್ಟು ಚೆಂದದ ಅಕ್ಷರದಲ್ಲಿ ಬರೆಯಲು ಎಷ್ಟು ಧೈರ್ಯ ಬೇಕು ಹೇಳಿ.

ಮೊದಲು ಜಿಸೆಲ್ ತೆಗೆದುಕೊಳ್ಳಿ. ಪಟ್ಟಿಯಲ್ಲಿ ‘ಕೋಮಲ ನರ್ತಕಿ’ ಅಂತಿದೆ. ನರ್ತಕಿ ಎಲ್ಲಿಂದ ಬಂದಳು ಅಂದರೆ, 1841ರಲ್ಲಿ ಪ್ಯಾರಿಸ್‌ನಲ್ಲಿ ಆ ಹೆಸರಿನ ನಾಯಕಿ ಇರುವ ಬ್ಯಾಲೆ ಒಂದು ರಂಗಕ್ಕೆ ಬಂತು, ಅಲ್ಲಿಂದ. ಹೆಸರು ಮಾತ್ರ ಅದಕ್ಕಿಂತ ಸಾವಿರ ವರ್ಷ ಹಳೆಯದು. ಫ್ರೆಂಚ್ ಮೂಲದ್ದೂ ಅಲ್ಲ, ಜರ್ಮನಿಕ್ ಭಾಷೆಗಳದ್ದು, ಅರ್ಥ ಒತ್ತೆಯಾಳು. ಒತ್ತೆ ಇಟ್ಟವಳು! ಆಗಿನ ರಾಜರು ಸಂಧಿ ಮಾಡಿಕೊಂಡರೆ ಮಾತಿಗೆ ತಪ್ಪುವುದಿಲ್ಲ ಎಂಬುದಕ್ಕೆ ಸ್ವಂತ ಮಕ್ಕಳನ್ನು ಇನ್ನೊಬ್ಬ ರಾಜನ ಅರಮನೆಯಲ್ಲಿ ಬಿಡುತ್ತಿದ್ದರು. ಆ ಮಗು ಅಲ್ಲೇ ಬೆಳೆಯಬೇಕು. ಅಪ್ಪ ಮಾತು ಮುರಿದರೆ ಮಗುವಿನ ಗತಿ ದೇವರಿಗೇ ಗೊತ್ತು. ಚಕ್ರವರ್ತಿ ಶಾರ್ಲೆಮೇನ್‌ನ ತಂಗಿಯ ಹೆಸರೂ ಇದೇ, ಗಿಸೆಲಾ. ಎಂಥ ಕಥೆ ಇದೆ ನೋಡಿ ಈ ಹೆಸರಿನ ಹಿಂದೆ. ಇದನ್ನೆಲ್ಲ ಒರೆಸಿಹಾಕಿ ‘ಕೋಮಲ ನರ್ತಕಿ’ ಅಂತೆ.

ಆಮೇಲೆ ಆ ಪಟ್ಟಿಯ ಮಹಾವಾಕ್ಯ. ‘ಫ್ರೆಂಚ್‌ನಲ್ಲಿ ಎಲ್ ಅಂದರೆ ಅವಳು. ಆದ್ದರಿಂದ ಈ ಎಲ್ಲ ಹೆಸರುಗಳಲ್ಲೂ ಹೆಣ್ತನ ಅಡಗಿದೆ.’ ಎಲ್ ಅಂದರೆ ಅವಳು ಅನ್ನುವುದು ನಿಜ, ನಮ್ಮ ಫಸ್ಟ್ ಪಿಯುಸಿ ಮಕ್ಕಳಿಗೂ ಅಷ್ಟು ಗೊತ್ತು. ಆದರೆ ಹೆಸರಿನ ಕೊನೆಯಲ್ಲಿರುವ ಎಲ್‌ಗೂ ಅದಕ್ಕೂ ಯಾವ ನೆಂಟಸ್ತನವೂ ಇಲ್ಲ. ಮಿಶೆಲ್, ಡಾನಿಯೆಲ್, ಗಾಬ್ರಿಯೆಲ್, ಜೊಯೆಲ್, ಅರಿಯೆಲ್, ರಫಾಯೆಲ್, ಇವೆಲ್ಲ ಹೀಬ್ರೂ ಹೆಸರುಗಳು. ಹೀಬ್ರೂವಿನಲ್ಲಿ ‘ಎಲ್’ ಅಂದರೆ ದೇವರು. ಡಾನಿಯೆಲ್ ಅಂದರೆ ದೇವರೇ ನನ್ನ ನ್ಯಾಯಾಧೀಶ. ರಫಾಯೆಲ್ ಅಂದರೆ ದೇವರು ಗುಣಪಡಿಸಿದ. ಅರಿಯೆಲ್ ಅಂದರೆ ದೇವರ ಸಿಂಹ. ನನಗೆ ತುಂಬಾ ಇಷ್ಟವಾದದ್ದು ಮಿಶೆಲ್. ಅದು ಹೆಸರೇ ಅಲ್ಲ, ಒಂದು ಪ್ರಶ್ನೆ: ದೇವರಂಥವರು ಯಾರಿದ್ದಾರೆ? ಮಗುವನ್ನು ಕರೆದಾಗಲೆಲ್ಲ ಆ ಪ್ರಶ್ನೆ ಕೇಳಿದ ಹಾಗೆ. ಪಟ್ಟಿಯಲ್ಲಿ ಏನಿದೆ ಗೊತ್ತಾ? ‘ಮಿಶೆಲ್: ಆಕರ್ಷಕ ಹುಡುಗಿ.’

ಇವೆಲ್ಲ ಮೊದಲು ಗಂಡಸರ ಹೆಸರುಗಳು. ಫ್ರೆಂಚರು ಮಾಡಿದ್ದು ಇಷ್ಟೇ, ಬರೆಯುವಾಗ ಕೊನೆಗೆ ಇನ್ನೊಂದು ಎಲ್ (l) ಅಕ್ಷರ, ಒಂದು ಇ (e) ಅಕ್ಷರ ಸೇರಿಸಿ ಹೆಣ್ಣಿನ ಹೆಸರು ಮಾಡಿದರು. ಉಚ್ಚಾರಣೆ ಕೂದಲೆಳೆಯಷ್ಟೂ ಬದಲಾಗಲಿಲ್ಲ. ಗಂಡು ಮಿಶೆಲ್ ಕರೆದರೂ ಹೆಣ್ಣು ಮಿಶೆಲ್ ಕರೆದರೂ ಕಿವಿಗೆ ಒಂದೇ. ಕ್ಲಾಸಿನಲ್ಲಿ ಡಿಕ್ಟೇಷನ್ ಕೊಡುವಾಗ ‘ಮಿಶೆಲ್ ಎ ಪಾರ್ತಿ’ ಅಂತ ಒಂದು ವಾಕ್ಯ ಹೇಳಿ ಸುಮ್ನೆ ನಿಲ್ಲುತ್ತೇನೆ. ಮಿಶೆಲ್ ಹೊರಟುಹೋದ, ಅಥವಾ ಹೊರಟುಹೋದಳು. ಗಂಡಾದರೆ ಒಂದು ಎಲ್, ಕ್ರಿಯಾಪದದ ಕೊನೆಗೆ ಏನೂ ಬೇಡ. ಹೆಣ್ಣಾದರೆ ಹೆಸರಿಗೊಂದು ಬಾಲ, ಕ್ರಿಯಾಪದಕ್ಕೊಂದು ಬಾಲ. ಕೇಳಿಸಿಕೊಂಡು ಪತ್ತೆ ಮಾಡುವಂತೆಯೇ ಇಲ್ಲ. ಮೊದಲ ಬೆಂಚಿನವರು ಪೆನ್ ಕಚ್ಚಿಕೊಂಡು ನನ್ನ ಮುಖ ನೋಡುತ್ತಾರೆ, ಹಿಂದಿನವರು ಮೊದಲ ಬೆಂಚಿನವರ ಪುಸ್ತಕ ನೋಡುತ್ತಾರೆ. ಕಿವಿಗೇ ಸಿಗದ ಈ ‘ಹೆಣ್ತನ’ ಆ ಪಟ್ಟಿ ಮಾಡಿದವರಿಗೆ ಎಲ್ಲಿ ಸಿಕ್ಕಿತೋ!

ಮತ್ತೆ ಹೇಳುತ್ತೇನೆ, ಕೊನೆ ಒಂದೇ ಅಂದ ಮಾತ್ರಕ್ಕೆ ಊರು ಒಂದೇ ಅಲ್ಲ. ಮೆಜೆಸ್ಟಿಕ್‌ನಲ್ಲಿ ಇಳಿದವರೆಲ್ಲ ಮೆಜೆಸ್ಟಿಕ್‌ನಲ್ಲೇ ಹುಟ್ಟಿದವರಾ? ಎಸ್ತೆಲ್ ಬಂದದ್ದು ಲ್ಯಾಟಿನ್‌ನ ಸ್ಟೆಲ್ಲಾದಿಂದ, ಅಂದರೆ ನಕ್ಷತ್ರ. ನೊಯೆಲ್ ಅಂದರೆ ಕ್ರಿಸ್‌ಮಸ್, ಅದೂ ಲ್ಯಾಟಿನ್‌ನಿಂದಲೇ ಬಂದದ್ದು, ಹುಟ್ಟಿಗೆ ಸಂಬಂಧಪಟ್ಟ ಮಾತು. ಇಸಬೆಲ್‌ನಲ್ಲಿ ‘ಬೆಲ್’ ಇದೆ, ಬೆಲ್ ಅಂದರೆ ಫ್ರೆಂಚ್‌ನಲ್ಲಿ ಸುಂದರಿ, ಹಾಗಾಗಿ ಇಸಬೆಲ್ ಸುಂದರಿ ಅಂತ ಪಟ್ಟಿಯ ಲೆಕ್ಕ. ಅಲ್ಲ ಸ್ವಾಮಿ, ಅದು ಎಲಿಜಬೆತ್ ಎಂಬ ಹೆಸರು ಮಧ್ಯಯುಗದಲ್ಲಿ ದಕ್ಷಿಣ ಫ್ರಾನ್ಸ್, ಸ್ಪೇನ್ ಕಡೆಯವರ ಬಾಯಲ್ಲಿ ಸವೆದು ಆದದ್ದು. ಅನಬೆಲ್ ಕೂಡ ಅನ್ನಾ ಮತ್ತು ಬೆಲ್ ಸೇರಿ ಆದದ್ದಲ್ಲ. ಅದು ಸ್ಕಾಟ್ಲೆಂಡಿನ ಹಳೇ ಹೆಸರು, ಅಮಬೆಲ್ ಎಂಬುದರ ಇನ್ನೊಂದು ರೂಪ ಇರಬೇಕು ಅನ್ನುತ್ತಾರೆ ತಿಳಿದವರು. ಹದಿನಾಲ್ಕನೇ ಶತಮಾನದಲ್ಲೇ ಅಲ್ಲಿ ಅನಬೆಲ್ಲಾ ಡ್ರಮಂಡ್ ಎಂಬ ರಾಣಿ ಇದ್ದಳು. ಇನ್ನು ರೊಶೆಲ್ ಅಂದರೆ ಪುಟ್ಟ ಬಂಡೆ. ಅದೇ ಹೆಸರಿನ ಬಂದರು ಪಟ್ಟಣ ಲಾ ರೊಶೆಲ್ ಫ್ರಾನ್ಸಿನ ಪಶ್ಚಿಮ ತೀರದಲ್ಲಿದೆ. 1627–28ರಲ್ಲಿ ರಾಜನ ಸೈನ್ಯ ಮುತ್ತಿಗೆ ಹಾಕಿ ಅಲ್ಲಿನ ಜನ ಹಸಿವಿನಿಂದ ಸತ್ತ ಊರು. ಪಟ್ಟಿಯಲ್ಲಿ ‘ರೊಶೆಲ್: ಶಾಂತ ಸ್ವಭಾವದವಳು’.

ಪಟ್ಟಿಯಲ್ಲಿ ಶಾಂತೆಲ್ ಕೂಡ ಇತ್ತು, ‘ಹಾಡು’ ಅಂತ ಅರ್ಥ ಕೊಟ್ಟು. ಫ್ರೆಂಚ್‌ನಲ್ಲಿ ಹಾಡುವುದಕ್ಕೆ ಹತ್ತಿರದ ಶಬ್ದ ಇದೆ, ಅಷ್ಟು ಸಾಕಾಯಿತು ಇವರಿಗೆ. ಮೂಲದಲ್ಲಿ ಅದು ಶಾಂತಾಲ್, ಒಂದು ಜಾಗದ ಹೆಸರು, ಕಲ್ಲು ತುಂಬಿದ ನೆಲ ಅಂತ ಅರ್ಥ. ಅಲ್ಲಿನ ಬ್ಯಾರನ್‌ನನ್ನು ಮದುವೆಯಾಗಿದ್ದ ಜಾನ್ ಎಂಬ ಹೆಂಗಸು, ಗಂಡ ಬೇಟೆಗೆ ಹೋದಾಗ ಗುಂಡು ತಗುಲಿ ಸತ್ತ ಮೇಲೆ ನಾಲ್ಕು ಮಕ್ಕಳನ್ನು ಸಾಕಿ, 1610ರಲ್ಲಿ ಆನೆಸಿ ಎಂಬ ಊರಿನಲ್ಲಿ ಸನ್ಯಾಸಿನಿಯರ ಮಠ ಕಟ್ಟಿದಳು. ಮುಂದೆ ಅವಳನ್ನು ಸಂತಳೆಂದು ಘೋಷಿಸಿದರು, ಜನ ಅವಳ ನೆನಪಿಗೆ ಮಕ್ಕಳಿಗೆ ಶಾಂತಾಲ್ ಎಂದು ಹೆಸರಿಡತೊಡಗಿದರು. ಹೀಗೆ ಊರಿನ ಹೆಸರು ಹುಡುಗಿಯ ಹೆಸರಾಯಿತು. ನಾನು ಇದನ್ನೆಲ್ಲ ಗ್ರೂಪಿನಲ್ಲಿ ಟೈಪ್ ಮಾಡುತ್ತಿರುವಾಗ ಹಾಸನದ ಚಿಕ್ಕಮ್ಮ ನಡುವೆ ಬಂದರು. "ನಮ್ಮ ಬೇಲೂರಿನ ಶಾಂತಲೆ ಹೆಸರು ಪಟ್ಟಿಯಲ್ಲಿ ಇದೆಯಲ್ಲೇ, ಅದನ್ನೇ ಇಡಿ. ದೊಡ್ಡ ನಾಟ್ಯಗಾತಿ." ಪಟ್ಟಿಯವರಿಗಿಂತ ಚಿಕ್ಕಮ್ಮನೇ ವಾಸಿ ಅನ್ನಿಸಿತು, ನಿಜವಾಗಿ. ಅವರ ಶಾಂತಲೆಯಾದರೂ ಇದ್ದವಳು.

ಬ್ರಿಟನಿ ಕಡೆಯ ಹೆಸರುಗಳ ವಿಷಯ ಹೇಳದಿದ್ದರೆ ನನಗೆ ನಿದ್ದೆ ಬರಲ್ಲ. ಫ್ರಾನ್ಸಿನ ವಾಯವ್ಯ ಮೂಲೆಯಲ್ಲಿ ಬ್ರೆಟನ್ ಭಾಷೆ ಆಡುವವರಿದ್ದಾರೆ. ಅದು ಬ್ರಿಟನ್ನಿನ ವೇಲ್ಸ್ ಕಡೆಯ ವೆಲ್ಶ್ ಭಾಷೆಯ ನೆಂಟ, ಫ್ರೆಂಚ್‌ನದ್ದಲ್ಲ. ಮಾಯೆಲ್ ಅವರದ್ದು, ಒಡೆಯ ಅಥವಾ ದೊರೆ ಅಂತ ಅರ್ಥ. ಅರ್ಮೆಲ್ ಕೂಡ ಅವರದ್ದೇ. ಕರಡಿ ಎಂಬ ಶಬ್ದ, ದೊರೆ ಎಂಬ ಶಬ್ದ ಎರಡೂ ಸೇರಿದ ಹೆಸರು, ಕರಡಿ ದೊರೆ! ಆರನೇ ಶತಮಾನದ ಒಬ್ಬ ಸಂತನ ಹೆಸರದು. ಪ್ಲೊಯೆರ್ಮೆಲ್ ಎಂಬ ಊರಿಗೆ ಆ ಹೆಸರು ಬಂದದ್ದೂ ಅವನಿಂದಲೇ. ಇಂಥ ಹೆಸರುಗಳನ್ನು ‘ಸೊಗಸಾದ ಪ್ಯಾರಿಸ್ ಶೈಲಿ’ ಅಂತ ಮಾರುತ್ತಿದ್ದಾರಲ್ಲ, ಅದೇ ನನಗೆ ಉರಿ. ಯಾಕೆಂದರೆ 1803ರ ಕಾನೂನಿನ ಪ್ರಕಾರ ಫ್ರಾನ್ಸಿನಲ್ಲಿ ಮಕ್ಕಳಿಗೆ ಸಂತರ ಕ್ಯಾಲೆಂಡರಿನ ಹೆಸರುಗಳು ಅಥವಾ ಪ್ರಾಚೀನ ಇತಿಹಾಸದ ಹೆಸರುಗಳು ಬಿಟ್ಟು ಬೇರೆ ಇಡುವಂತಿರಲಿಲ್ಲ. ಬ್ರೆಟನ್ ಹೆಸರು ಹಿಡಿದು ಬಂದ ಅಪ್ಪ ಅಮ್ಮಂದಿರನ್ನು ಗುಮಾಸ್ತರು ವಾಪಸ್ ಕಳಿಸಿದ್ದುಂಟು. 1966ರಲ್ಲಿ ಸ್ವಲ್ಪ ಸಡಿಲವಾಯಿತು, 1993ರಲ್ಲಿ ಆ ಕಟ್ಟು ಬಿಟ್ಟಿತು. ಅದುವರೆಗೆ ಆಫೀಸಿನ ಬಾಗಿಲಲ್ಲಿ ನಿಂತಿದ್ದ ಹೆಸರುಗಳು ಈಗ ಐಫೆಲ್ ಟವರಿನ ಚಿತ್ರದ ಪಕ್ಕ ಕುಳಿತಿವೆ!

1993ರ ಮೇಲೆ ಏನು ಬೇಕಾದರೂ ಇಡಬಹುದಾ ಅಂದರೆ, ಹಾಗೂ ಇಲ್ಲ. ಮಗುವಿಗೆ ತೊಂದರೆ ಆಗುವ ಹೆಸರು ಅನ್ನಿಸಿದರೆ ವಿಷಯ ಕೋರ್ಟಿಗೆ ಹೋಗುತ್ತದೆ. ವಲೆನ್ಸಿಯೆನ್ ಎಂಬ ಊರಿನಲ್ಲಿ ಒಂದು ದಂಪತಿ ಮಗಳಿಗೆ ನುಟೆಲ್ಲಾ ಎಂದು ಹೆಸರಿಟ್ಟರು. ಬ್ರೆಡ್ಡಿಗೆ ಹಚ್ಚುವ ನುಟೆಲ್ಲಾನೇ. ಮಕ್ಕಳು ಆಡಿಕೊಂಡು ನಗುತ್ತಾರೆ ಅಂತ ನ್ಯಾಯಾಧೀಶರು ಒಪ್ಪಲಿಲ್ಲ. ವಿಚಾರಣೆಗೆ ಅಪ್ಪ ಅಮ್ಮ ಬರಲೂ ಇಲ್ಲ. ಕೊನೆಗೆ ಕೋರ್ಟೇ ಮುಂದಿನ ಅರ್ಧ ಕಿತ್ತು ಹಾಕಿ ಮಗುವಿನ ಹೆಸರು ಎಲ್ಲಾ ಅಂತ ಮಾಡಿತು. ಸುದ್ದಿ 2015ರದ್ದು. ಇಂಥ ನಾಮಕರಣ ನಮ್ಮಲ್ಲಿ ಆಗಿದ್ದರೆ ಊಟಕ್ಕೆ ಎಷ್ಟು ಜನ ಅಂತ ಮೊದಲು ಕೇಳುತ್ತಿದ್ದರು.

ಇನ್ನೊಂದು ತಮಾಷೆ. ಡಾನಿಯೆಲ್, ಮಿಶೆಲ್ ಎಲ್ಲ ಫ್ರಾನ್ಸಿನಲ್ಲಿ ಈಗ ಅಜ್ಜಿಯರ ಹೆಸರುಗಳು, ಎರಡನೇ ಮಹಾಯುದ್ಧದ ಆಚೀಚೆ ಹುಟ್ಟಿದವರದ್ದು. ಅಲ್ಲಿನ ಹೊಸ ತಾಯಂದಿರು ಮಗಳಿಗೆ ಎಮ್ಮಾ, ಜೇಡ್, ಲೂಯಿಜ್ ಅಂತ ಇಡುತ್ತಿದ್ದಾರೆ. ಫ್ರೆಂಚ್ ಘಮಲು ಅಂತ ಆ ಅಜ್ಜಿಯರ ಹೆಸರುಗಳನ್ನು ಎತ್ತಿಕೊಂಡು ಓಡಿದವರು ಅಮೆರಿಕದವರು. ಇದ್ದದ್ದು ಸಾಲದೆ ಹೊಸದಾಗಿ ಮಾಡಿಕೊಂಡರು ಕೂಡ. ಜೇನ್‌ಗೆ ಬಾಲ ಕಟ್ಟಿ ಜನೆಲ್, ಗಾಬ್ರಿಯೆಲ್‌ನ ತಲೆ ಕತ್ತರಿಸಿ ಬ್ರಿಯೆಲ್. ನಮ್ಮ ನ್ಯೂಜೆರ್ಸಿ ತಂಗಿಯ ಮನಸ್ಸು ಈ ಬ್ರಿಯೆಲ್ ಮೇಲೇ ಇದೆ. ಅವಳ ರಾಜ್ಯದಲ್ಲೇ, ಸಮುದ್ರದ ಪಕ್ಕ, ಬ್ರಿಯೆಲ್ ಅಂತ ಒಂದು ಊರಿದೆ. ಅದಕ್ಕೆ ಆ ಹೆಸರು ಬಂದದ್ದು ಹಾಲೆಂಡಿನ ಒಂದು ಊರಿನಿಂದ. 1572ರ ಏಪ್ರಿಲ್ 1ರಂದು ಆಗ ಅಲ್ಲಿ ಆಳುತ್ತಿದ್ದ ಸ್ಪೇನಿನ ಕೈಯಿಂದ ಡಚ್ ಬಂಡುಕೋರರು ಕಿತ್ತುಕೊಂಡ ಊರು ಅದು. ಫ್ರೆಂಚ್ ಹೆಸರು ಹುಡುಕಲು ಹೋಗಿ ಡಚ್ಚರ ಕೋಟೆಗೆ ಬಂದು ನಿಂತಿದ್ದಾಳೆ ಹುಡುಗಿ. ಹೇಳಿದರೆ "ಅಕ್ಕಾ, ಲಿಸ್ಟ್‌ನಲ್ಲಿ ಕ್ಯೂಟ್ ಪ್ರಿನ್ಸೆಸ್ ಅಂತಿದೆ" ಅನ್ನುತ್ತಾಳೆ.

ಈ ವಿಷಯದಲ್ಲಿ ಮಂಗಳೂರು ಕಡೆಯ ನನ್ನ ಗೆಳತಿಯರನ್ನು ಮೆಚ್ಚಬೇಕು. ಅಲ್ಲಿನ ಕ್ರೈಸ್ತರ ಮನೆಗಳಲ್ಲಿ ಮಿಶೆಲ್, ರೊಶೆಲ್, ಜೊಯೆಲ್ ಎಲ್ಲ ಹೊಸ ಫ್ಯಾಷನ್ ಅಲ್ಲ. ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕ ಕೂರುವ ಮಿಶೆಲ್ ಪ್ರತಿವರ್ಷ ಸೆಪ್ಟೆಂಬರ್ 29ಕ್ಕೆ ಸಿಹಿ ತರುತ್ತಾಳೆ, ಸಂತ ಮೈಕೆಲ್‌ನ ಹಬ್ಬ. ತನ್ನ ಹೆಸರು ಯಾರದ್ದು ಅಂತ ಅವಳಿಗೆ ಗೊತ್ತು. ಗುಲಾಬಿ ಪಟ್ಟಿ ತೋರಿಸಿದೆ. "ಆಕರ್ಷಕ ಹುಡುಗಿಯಾ? ನಮ್ಮ ಮನೆಯವರಿಗೆ ಕಳಿಸು ಇದನ್ನ" ಅಂತ ನಕ್ಕಳು.

ನಮ್ಮ ಕಡೆಯ ಪಟ್ಟಿಗಳೇನೂ ಕಮ್ಮಿ ಇಲ್ಲ ಬಿಡಿ. ಬಾಯಿಗೆ ಬಂದ ಎರಡು ಅಕ್ಷರ ಜೋಡಿಸಿ ಮುಂದೆ ‘ಲಕ್ಷ್ಮೀದೇವಿಯ ಇನ್ನೊಂದು ಹೆಸರು’ ಅಂತ ಬರೆದರೆ ಮುಗಿಯಿತು. ಇಷ್ಟು ಹೆಸರು ಆ ತಾಯಿಗೇ ಗೊತ್ತಿದೆಯೋ ಇಲ್ಲವೋ!

ಈಗ ಕಮೆಂಟಿನಲ್ಲಿ ಬರುವ ಮಾತೂ ನನಗೆ ಗೊತ್ತು. "ಅರ್ಥ ಯಾರು ನೋಡ್ತಾರೆ ಮೇಡಂ, ಕರೆಯೋಕೆ ಚೆನ್ನಾಗಿದ್ದರೆ ಸಾಕಲ್ವಾ?" ಸಾಕು. ಖಂಡಿತ ಸಾಕು. ಫ್ರಾನ್ಸಿನಲ್ಲೂ ಹೆಸರಿನ ಅರ್ಥ ಏನು ಅಂತ ಯಾರೂ ಎದುರಿಗೆ ಬಂದು ಕೇಳುವುದಿಲ್ಲ. ಹಾಗಾದರೆ ಅರ್ಥ ಹಾಕಲೇಬೇಡಿ. ಆದರೆ ನಮ್ಮವರು ಬಿಡುತ್ತಾರಾ? ತೊಟ್ಟಿಲ ಪಕ್ಕ ನಿಂತವರ ಮೊದಲ ಪ್ರಶ್ನೆಯೇ "ಹೆಸರೇನು", ಎರಡನೆಯದು "ಹಾಗಂದ್ರೆ?" ಆ ಎರಡನೇ ಪ್ರಶ್ನೆಗಾಗಿಯೇ ಈ ಸುಳ್ಳೆಲ್ಲ. ಒತ್ತೆಯಾಳು ಅಂತ ಹೇಳಲು ಮುಜುಗರ, ಕಲ್ಲು ನೆಲ ಅಂದರೆ ಅಪಶಕುನ, ಕರಡಿ ಅಂದರೆ ಅತ್ತಿಗೆ ನಗುತ್ತಾಳೆ. ಹಾಗಾಗಿ ಎಲ್ಲದಕ್ಕೂ ಸುಂದರಿ.

ಎಷ್ಟೊಂದು ಬೈದೆ, ಇನ್ನು ಒಂದು ಗುಟ್ಟು ಹೇಳಿಯೇ ಬಿಡುತ್ತೇನೆ. ನನ್ನ ಮಗಳು ಹೊಟ್ಟೆಯಲ್ಲಿದ್ದಾಗ ನನಗೆ ಎಸ್ತೆಲ್ ಅಂತ ಇಡುವ ಆಸೆ ಇತ್ತು. ಮನೆಯಲ್ಲಿ ಮೆಲ್ಲಗೆ ಎತ್ತಿದೆ. ನಮ್ಮ ಅತ್ತೆ ತರಕಾರಿ ಹೆಚ್ಚುತ್ತಿದ್ದವರು ಈಳಿಗೆಮಣೆಯಿಂದ ತಲೆ ಎತ್ತಿ, "ಎಸ್ತೇಲಾನಾ? ದೇವರ ಹೆಸರೇನು ಕಮ್ಮಿಯಾಗಿದೆಯಾ?" ಅಂದರು. ಅಲ್ಲಿಗೆ ಮುಗಿಯಿತು. ನಾನೂ ಮಾತು ಬೆಳೆಸಲಿಲ್ಲ. ನಾಮಕರಣದ ದಿನ ಅಕ್ಕಿಯ ಮೇಲೆ ಬರೆದದ್ದು ತಾರಾ. ಪುರಾಣದ ಹೆಸರು, ಕರೆಯಲು ಸುಲಭ ಅಂತ ಅತ್ತೆಗೆ ಬಹಳ ಖುಷಿ. ಬಂದವರಿಗೆಲ್ಲ ತಾವೇ ಆರಿಸಿದ್ದು ಅಂತ ಹೇಳಿದರು, ಈಗಲೂ ಹೇಳುತ್ತಾರೆ. ಅವರು ಫೇಸ್‌ಬುಕ್‌ನಲ್ಲಿ ಇಲ್ಲ. ನಾದಿನಿ ಇದ್ದಾಳೆ, ಇಷ್ಟು ಉದ್ದ ಓದುವ ಪೈಕಿ ಅಲ್ಲ. ಓದಿದರೆ ಓದಲಿ, ಹುಡುಗಿಗೆ ಆಧಾರ್ ಕಾರ್ಡೇ ಬಂದಾಗಿದೆ.