ಬಿಸಿಲೂರಲ್ಲಿ ಬಿಸಿಲಿನ ಬರ

ಕಲಬುರಗಿ ಬಿಸಿಲಿಗೆ ಹೆದರಿ ಸರ್ಕಾರವೇ ಏಪ್ರಿಲ್, ಮೇ ತಿಂಗಳಲ್ಲಿ ಆಫೀಸುಗಳನ್ನು ಬೆಳಿಗ್ಗೆ 8ಕ್ಕೆ ತೆಗೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತದೆ. ಅಂಥ ಊರಲ್ಲಿ ನಮ್ಮ ವೈನಿಯ ಮೈಯಲ್ಲಿ ಬಿಸಿಲು ಸಾಲದು ಅಂತ ರಿಪೋರ್ಟ್ ಬಂದಿದೆ.

ಅಣ್ಣ-ವೈನಿಗೆ ಮದುವೆಯಾಗಿ ಆರು ವರ್ಷ, ಮಕ್ಕಳಿಲ್ಲ. ಅದಕ್ಕೇ ಒಂದು ಫರ್ಟಿಲಿಟಿ ಸೆಂಟರ್‌ಗೆ ಹೋಗಿದ್ದೆವು. ಗೋಡೆ ತುಂಬ ನಗುವ ಸೂರ್ಯ, ಸೂರ್ಯನ ಹೊಟ್ಟೆಯಲ್ಲಿ ನಗುವ ಕೂಸು. ಕೌಂಟರ್ ಹುಡುಗ ರಿಪೋರ್ಟ್ ನೋಡಿ, "ವಿಟಮಿನ್ ಡಿ 11 ಅದರೀ, 30 ಇರಬೇಕು" ಅಂದ. ಅವ್ವ ಗಾಬರಿಯಾಗಿ, "ಅಂದ್ರ ಫೇಲಾ?" ಅಂದಳು. "ಏನ್ ಚಿಂತಿ ಮಾಡಬ್ಯಾಡ್ರಿ ಅಮ್ಮಾ, ಡಿ ಏರಿಸಿದ್ರ ಕೂಸು ಬಂದ್ಹಂಗೇ." ವಾರಕ್ಕೊಂದರಂತೆ ಎಂಟು ಪಾಕೀಟು ಡಿ ಪುಡಿ, ಒಂದೊಂದರಲ್ಲಿ 60,000 ಯೂನಿಟ್.

ಅಂದಿನಿಂದ ಓಣಿಯವರೆಲ್ಲ ಡಾಕ್ಟರು. ಎಳೆಬಿಸಿಲಲ್ಲಿ ನಿಲ್ಲು ಅಂತ ಎಲ್ಲರದೂ ಒಂದೇ ಮಾತು. ವೈನಿ ಬೆಳಿಗ್ಗೆ ಆರೂವರೆಗೆ ಮಾಳಿಗೆ ಹತ್ತಿ, ಹಪ್ಪಳದ ಪಕ್ಕ ತಾನೂ ಒಣಗಲು ನಿಲ್ಲುತ್ತಾಳೆ. ಪಾಪ, ಚರ್ಮದಲ್ಲಿ ಡಿ ತಯಾರಾಗೋಕೆ ಬೇಕಾದ ಯುವಿಬಿ ಕಿರಣ ಆ ಹೊತ್ತಲ್ಲಿ ತೀರಾ ಕಡಿಮೆ. ನಮ್ಮ ನೆರಳು ನಮಗಿಂತ ಗಿಡ್ಡ ಆದಾಗ ಅದು ಜಾಸ್ತಿ. ಅಂದರೆ ನಡುಮಧ್ಯಾಹ್ನದ ಆಚೀಚೆ. ಆ ಹೊತ್ತಿಗೆ ನಮ್ಮೂರಲ್ಲಿ ನಾಯಿಯೂ ಚರಂಡಿಯಲ್ಲಿ ಮಲಗಿರುತ್ತದೆ, ಹೊರಗೆ ಬಂದವರೂ ಸ್ಕೂಟಿ ಮೇಲೆ ಸ್ಕಾರ್ಫ್, ಕೈಗವಸು, ಕನ್ನಡಕ ಹಾಕಿ ಚಂಬಲ್ ಕಣಿವೆಯಿಂದ ಬಂದವರ ಹಾಗೆ ಹೋಗುತ್ತಾರೆ. ಡಿ ಎಲ್ಲಿಂದ ಒಳಗೆ ಹೋಗಬೇಕು, ಕಣ್ಣಿನ ಸಂದಿಯಿಂದಲಾ?

ಅತ್ತ ನಮ್ಮ ಅಣ್ಣ ಕೂಲರ್ ಮುಂದೆ. ಶಾಖ ಜಾಸ್ತಿಯಾದರೆ ವೀರ್ಯಕ್ಕೆ ಒಳ್ಳೆಯದಲ್ಲ ಅಂತ ಎಲ್ಲೋ ಕೇಳಿದ್ದಾನೆ. ಮಾತು ನಿಜವೇ. ಆದರೆ ಟೆಸ್ಟ್ ಮಾಡಿಸ್ಕೋ ಅಂದರೆ, "ನನಗೇನಾಗ್ಯದ?" ಅನ್ನುತ್ತಾನೆ. ಮಕ್ಕಳಾಗದ ಜೋಡಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಪಾಲೂ ಇರುತ್ತದೆ ಅಂದರೆ ಕೂಲರ್ ಸದ್ದಿಗೆ ಕೇಳಿಸುವುದಿಲ್ಲ.

ಹಾಗಂತ ಡಿ ಬೇಡವೇ ಬೇಡ ಅಂತಲ್ಲ. ಕಡಿಮೆ ಇದ್ದರೆ ತಗೋಬೇಕು, ಎಲುಬಿಗೆ ಬೇಕು. ಡಿ ಚೆನ್ನಾಗಿದ್ದವರಿಗೆ ಐವಿಎಫ್ (ಲ್ಯಾಬಿನಲ್ಲಿ ಭ್ರೂಣ ಮಾಡಿ ಗರ್ಭದಲ್ಲಿ ಇಡುವ ಚಿಕಿತ್ಸೆ) ಸ್ವಲ್ಪ ಜಾಸ್ತಿ ಫಲಿಸಿದೆ ಅಂತ ಕೆಲವು ಅಧ್ಯಯನಗಳೂ ಹೇಳಿವೆ. ಆದರೆ ಡಿ ಚೆನ್ನಾಗಿರುವವರ ತೂಕ, ಊಟ, ಓಡಾಟವೂ ಚೆನ್ನಾಗಿರಬಹುದು ಅಲ್ವಾ? ಕೀರ್ತಿ ಮಾತ್ರ ಪುಡಿಗೆ. ಇಟಲಿಯವರು ಇದನ್ನು ನೆಟ್ಟಗೆ ಪರೀಕ್ಷೆ ಮಾಡಿ 2021ರಲ್ಲಿ ಪ್ರಕಟಿಸಿದರು. ಐವಿಎಫ್‌ಗೆ ಬಂದ, ಡಿ ಕಡಿಮೆ ಇದ್ದ 630 ಹೆಂಗಸರು. ಅರ್ಧ ಜನಕ್ಕೆ ಒಂದೇ ಸಲ 6 ಲಕ್ಷ ಯೂನಿಟ್ ಡಿ, ಉಳಿದವರಿಗೆ ಡಿ ಇಲ್ಲದ ಹುಸಿ ಔಷಧಿ. ಬಸಿರಾದವರು ಡಿ ಕುಡಿದವರಲ್ಲಿ ನೂರಕ್ಕೆ 37, ಹುಸಿ ಔಷಧಿ ಕುಡಿದವರಲ್ಲಿ 40. ಲೆಕ್ಕದವರ ಕಣ್ಣಲ್ಲಿ ಎರಡೂ ಒಂದೇ. ಇದನ್ನೆಲ್ಲ ಹೇಳಿದ್ದಕ್ಕೆ ಕೌಂಟರ್ ಹುಡುಗ, "ಅದು ಇಟಲಿರೀ ಸರ್, ಅಲ್ಲಿ ಬಿಸಿಲು ಎಲ್ಲಿ ಅದ?" ಅಂದ.

ಮೊನ್ನೆ ಎಂಟನೇ ಪಾಕೀಟು ಮುಗಿಯಿತು. ಮಧ್ಯಾಹ್ನ ಎರಡು ಗಂಟೆ, ವೈನಿ ಖಾಲಿ ಕವರ್ ಎಸೆಯಲು ತಲೆಬಾಗಿಲು ತೆಗೆದಳು. ಫರಸಿ ಮೇಲೆ ಒಂದು ಮೊಳ ಬಿಸಿಲು ಬಿತ್ತು. ಕೂಲರ್ ಕಡೆಯಿಂದ ಅಣ್ಣ ಕೂಗಿದ: "ಏ, ಬಾಗ್ಲಾ ಹಾಕೇ! ಬಿಸಿಲು ಒಳಗ ಬರ್ಲಿಕತ್ತದ."