ಹವ್ಯಾಸ, ಶೋಕಿ, ಗೀಳು ಮತ್ತು ಎರಡಡಿ ಗಾಜಿನ ತೊಟ್ಟಿ

ಮದುವೆಯ ಬಯೋಡಾಟಾದಲ್ಲಿ ‘ಹವ್ಯಾಸಗಳು’ ಎಂಬ ಸಾಲು ತುಂಬುವಾಗ ಯಾರಿಗೂ ಅಳುಕಿರುವುದಿಲ್ಲ. ಪುಸ್ತಕ ಓದುವುದು, ಹಾಡು ಕೇಳುವುದು ಎಂದು ಬರೆದು ಮುಂದಿನ ಸಾಲಿಗೆ ಹೋಗುತ್ತಾರೆ. ಮರಾಠಿಯವರು ಮಾತ್ರ ಈ ಪದದ ಬಗ್ಗೆ ಮೊದಲಿನಿಂದಲೂ ಹುಷಾರು. ಅವರಲ್ಲಿ ‘ಹವ್ಯಾಸ’ ಎಂದರೆ ತೀರದ ಹಂಬಲ, ದುರಾಸೆ. ಅದೇ ಪದ ಕನ್ನಡದಲ್ಲಿ ಸ್ನಾನ ಮುಗಿಸಿ, ವಿಭೂತಿ ಹಚ್ಚಿಕೊಂಡು ಸಭ್ಯಸ್ಥನ ಹಾಗೆ ಕೂತಿದೆ.

‘ಶೋಕಿ’ ಅರಬ್ಬಿಯ ‘ಶೌಕ್’ನಿಂದ, ‘ಖಯಾಲಿ’ ಅರಬ್ಬಿಯದೇ ‘ಖಯಾಲ್’ನಿಂದ ಬಂದದ್ದು, ಎರಡೂ ಪಾರಸಿ, ಉರ್ದು ದಾಟಿ ನಮ್ಮ ಪಡಸಾಲೆಗೆ ಕಾಲಿಟ್ಟವು. ಇಂಗ್ಲಿಷಿನ ‘ಹಾಬಿ’ ಮೊದಲು ಒಂದು ಗಿಡ್ಡ ಕುದುರೆಯ ಹೆಸರು. ಮುಂದೆ ಕುಣಿಯುವವರು ಸೊಂಟಕ್ಕೆ ಕಟ್ಟಿಕೊಳ್ಳುವ ಬೆತ್ತದ ಕುದುರೆಗೂ ಅದೇ ಹೆಸರಾಯಿತು. ನಮ್ಮ ಮೆರವಣಿಗೆಯ ಕೀಲುಕುದುರೆ ಕಂಡವರಿಗೆ ಹೆಚ್ಚು ವಿವರಿಸಬೇಕಿಲ್ಲ. ಆಮೇಲೆ ಮಕ್ಕಳ ಕೋಲುಕುದುರೆ. ಕೊನೆಗೆ, ಎಷ್ಟು ಓಡಿಸಿದರೂ ಯಾವ ಊರೂ ಮುಟ್ಟಿಸದ ಇಷ್ಟದ ಕೆಲಸ. ಇನ್ನು ‘ಹವ್ಯಾಸಿ ಕಲಾವಿದ’ ಎಂಬುದರ ಅರ್ಥವನ್ನು ರಂಗನಟಿ ಚಿಂದೋಡಿ ಲೀಲಾ ಅವರ ದಾವಣಗೆರೆಯಲ್ಲಿ ಕೇಳಬೇಡಿ. ಕಂಪನಿ ನಾಟಕದ ಊರು, “ಟಿಕೆಟ್ ದುಡ್ಡಲ್ಲಿ ಹೊಟ್ಟೆ ತುಂಬದವನು” ಎಂದು ಥಟ್ಟನೆ ಹೇಳಿಬಿಡುತ್ತಾರೆ.

ಈ ಪದಗಳೆಲ್ಲ ಒಂದೇ ಮನೆಗೆ ಒಂದರ ಹಿಂದೊಂದು ಬರುವುದನ್ನು ನೋಡಬೇಕಾದರೆ ಅಲ್ಲೊಂದು ಅಕ್ವೇರಿಯಂ ಇರಬೇಕು.

ಮೊದಲ ದಿನ ಅದು ಹವ್ಯಾಸವೇ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ಸುಮಾರು 55 ಲೀಟರ್ ನೀರು ಹಿಡಿಯುತ್ತದೆ. ನೀರೇ 55 ಕೆಜಿ, ಗಾಜು, ಜಲ್ಲಿ ಸೇರಿದರೆ 70 ದಾಟೀತು. ಇದನ್ನು ತೆಳ್ಳನೆಯ ಟಿವಿ ಸ್ಟ್ಯಾಂಡಿನ ಮೇಲೆ ಕೂರಿಸುವ ಧೈರ್ಯವಂತರಿದ್ದಾರೆ. ಹಲಗೆ ಒಂದು ಮೂಲೆಯಲ್ಲಿ ಬಾಗಿತೋ, ಭಾರ ಒಂದೇ ಕಡೆ ಬಿದ್ದು ತಳದ ಗಾಜು ಸೀಳುತ್ತದೆ. ಗಟ್ಟಿ ಕಟ್ಟೆ ಬೇಕು, ಅದರ ಮೇಲೆ ಅರ್ಧ ಇಂಚಿನ ಥರ್ಮಾಕೋಲ್ ಹಾಸಬೇಕು. ಕಟ್ಟೆಯ ಸಣ್ಣಪುಟ್ಟ ಉಬ್ಬುತಗ್ಗುಗಳನ್ನು ಅದು ನುಂಗಿಕೊಳ್ಳುತ್ತದೆ.

ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟು ಬಳಸಬೇಕು. ಚಿತ್ರದುರ್ಗದ ಕಡೆಯ ಬೋರ್‌ವೆಲ್ ನೀರಾದರೆ ಕ್ಲೋರಿನ್ ಚಿಂತೆಯಿಲ್ಲ, ಗಡಸುತನದ ಚಿಂತೆ. ಗಾಜಿನ ಮೇಲೆ ಬಿಳಿ ಗೆರೆ ಕಟ್ಟಿದರೆ ಅದು ಸುಣ್ಣದಂಶ. ಇಂಥ ನೀರಿಗೆ ನಿಯಾನ್ ಟೆಟ್ರಾ ತಂದು ಬಿಟ್ಟು ಅತ್ತರೆ ಪ್ರಯೋಜನವಿಲ್ಲ, ಅದು ಮೃದು ನೀರಿನ ಮೀನು. ಗಪ್ಪಿ, ಮೋಲಿಗಳಿಗೆ ಗಡಸು ನೀರೆಂದರೆ ತವರುಮನೆ.

ಅಂಗಡಿಯಿಂದ ತೊಟ್ಟಿಯ ಜೊತೆಗೇ ಹನ್ನೆರಡು ಮೀನು ತಂದು, ಅದೇ ಸಂಜೆ ಬಿಡುವುದು ಸಾಮಾನ್ಯ ತಪ್ಪು. ಮೀನಿನ ಹೊಲಸಿನಿಂದ ಮೀನಿಗೇ ವಿಷವಾದ ಅಮೋನಿಯಾ ಹುಟ್ಟುತ್ತದೆ. ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಫಿಲ್ಟರ್ ಸ್ಪಂಜಿನಲ್ಲಿ ಬೆಳೆಯಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅಷ್ಟರೊಳಗೆ ಮೀನುಗಳು ಒಂದೊಂದಾಗಿ ಹೊಟ್ಟೆ ಮೇಲೆ ಮಾಡಿ ತೇಲುತ್ತವೆ. ಮಾಲೀಕ ಗಾಬರಿಯಾಗಿ ಪೂರ್ತಿ ನೀರು ಚೆಲ್ಲಿ, ಸ್ಪಂಜನ್ನು ನಲ್ಲಿಯ ಕೆಳಗೆ ಗಸಗಸ ಉಜ್ಜುತ್ತಾನೆ. ಹುಟ್ಟಿದ್ದ ನಾಲ್ಕು ಬ್ಯಾಕ್ಟೀರಿಯಾವೂ ಕ್ಲೋರಿನ್ ಕುಡಿದು ಸತ್ತು, ಲೆಕ್ಕ ಮೊದಲಿನಿಂದ ಶುರು. ವಾರಕ್ಕೆ ಕಾಲುಭಾಗ ನೀರು ಬದಲಿಸಿ, ತೆಗೆದ ನೀರಿನಲ್ಲೇ ಸ್ಪಂಜು ಹಿಂಡಿದರೆ ಸಾಕಿತ್ತು. ಹೊಸ ಮೀನಿಗೆ ಅಂಗಡಿಗೆ ಹೊರಟವನ ಬೆನ್ನಿಗೆ ಅಪ್ಪನ ಮಾತು ಬೀಳುತ್ತದೆ: “ಏನ್ ಶೋಕಿನಪ್ಪಾ ಇವಂದು!”

ಊಟದ ಗಲಾಟೆ ಬೇರೆ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಹಾಕಬೇಕು ಎಂಬುದು ನಿಯಮ. ಆದರೆ ಮನೆಯ ಪ್ರತಿಯೊಬ್ಬರೂ ‘ಪಾಪ, ಹಸಿದಿವೆ’ ಎಂದು ಚಿಟಿಕೆ ಹಾಕುತ್ತಾರೆ. ಸಂಜೆ ಬಂದ ನೆಂಟರ ಮಗು ಮಂಡಕ್ಕಿಯನ್ನೂ ಹಾಕುತ್ತದೆ. ಮೆಣಸಿನಕಾಯಿ ಬಜ್ಜಿ ಹಾಕದಿದ್ದರೆ ಪುಣ್ಯ.

ದೊಡ್ಡ ಅನಾಹುತ ಕರೆಂಟ್ ಹೋದಾಗ. ಗಾಳಿಯ ಪಂಪನ್ನು ತೊಟ್ಟಿಗಿಂತ ಕೆಳಗೆ, ನೆಲದ ಮೇಲೆ ಇಟ್ಟಿರುತ್ತಾರೆ. ಪಂಪ್ ನಿಂತೊಡನೆ ಗಾಳಿ ಹೋಗುವ ಕೊಳವೆಯಲ್ಲೇ ನೀರು ಹಿಂದಕ್ಕೆ ಇಳಿದು, ಪಂಪು ದಾಟಿ, ಪಕ್ಕದ ಎಕ್ಸ್‌ಟೆನ್ಷನ್ ಬೋರ್ಡಿನ ಕಡೆ ಹರಿಯುತ್ತದೆ. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲಕ್ಕೆ ನೇತುಹಾಕಬೇಕು, ಇಲ್ಲವೇ ಕೊಳವೆಗೆ ನೀರು ಹಿಂದಕ್ಕೆ ಬರದಂತೆ ತಡೆಯುವ ಚೆಕ್ ವಾಲ್ವ್ ಸಿಕ್ಕಿಸಬೇಕು. ಬಾಣದ ಗುರುತು ತೊಟ್ಟಿಯ ಕಡೆಗಿರಲಿ, ತಿರುಗಿಸಿ ಹಾಕಿದರೆ ಗಾಳಿಯೇ ಬರದು. ಏಪ್ರಿಲ್ ಬಿಸಿಲಿನಲ್ಲಿ ನೀರು ಕಾದಷ್ಟೂ ಅದರಲ್ಲಿನ ಆಮ್ಲಜನಕ ಕಮ್ಮಿಯಾಗುವುದರಿಂದ ಟೇಬಲ್ ಫ್ಯಾನ್ ತೊಟ್ಟಿಯ ಕಡೆ ತಿರುಗುತ್ತದೆ. ಫ್ಯಾನಿನ ಗಾಳಿ ಮೀನಿಗೆ, ಬೆವರು ಮನುಷ್ಯರಿಗೆ. “ನಿಮಗೆ ಗೀಳು ಹತ್ತೈತೆ ನೋಡ್ರಿ” ಎಂದು ಮನೆಯಾಕೆ ಹೇಳುವುದು ಈ ಹಂತದಲ್ಲೇ.

ಇಷ್ಟೆಲ್ಲ ದಾಟಿ ಉಳಿದ ಗಪ್ಪಿಗಳು ಸುಮ್ಮನಿರುವುದಿಲ್ಲ. ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಹತ್ತಾರು ಮರಿ ಹಾಕುತ್ತವೆ. ಹೆಚ್ಚಾದವನ್ನು ಕುಂದುವಾಡ ಕೆರೆಗೆ ಬಿಡುವ ಯೋಚನೆ ಬೇಡ, ಅಲ್ಲಿನ ಮೀನುಗಳಿಗೆ ತೊಂದರೆ. ನೀರು ತುಂಬಿಡುವ ಸಿಮೆಂಟ್ ತೊಟ್ಟಿಗೆ ಬಿಟ್ಟರೆ ಸೊಳ್ಳೆಮರಿ ತಿನ್ನುತ್ತವೆ. ಆರೋಗ್ಯ ಇಲಾಖೆಯೂ ಲಾರ್ವಾ ತಿನ್ನಲು ಇವನ್ನೇ ಬಿಡುತ್ತದೆ. ಪಕ್ಕದ ಮನೆಯವರು “ನಮಗೆ ಎರಡು ಹೆಣ್ಣು ಸಾಕ್ರಿ, ಗಂಡಿಲ್ಲದಿದ್ರೆ ಮರಿ ಕಾಟ ಇರಲ್ಲ” ಎಂದು ಲೆಕ್ಕಾಚಾರದಿಂದ ಒಯ್ಯುತ್ತಾರೆ. ಹೆಣ್ಣು ಗಪ್ಪಿ ಒಮ್ಮೆ ಕೂಡಿದರೆ ವೀರ್ಯವನ್ನು ತಿಂಗಳುಗಟ್ಟಲೆ ಒಳಗೇ ಇಟ್ಟುಕೊಂಡು, ಗಂಡಿನ ಮುಖ ನೋಡದೆ ಮರಿ ಹಾಕುತ್ತಿರುತ್ತದೆ. ಅದನ್ನು ಅವರಿಗೆ ಮೊದಲೇ ಹೇಳಿದರೆ ಯಾರು ಒಯ್ಯುತ್ತಾರೆ?