ಚಿಂತಾಮಣಿ, ಕೋಲಾರ ಜಿಲ್ಲೆ, ಹಿಂದಿನ ಸಾಲು

ಅಡುಗೆಮನೆಗೆ ಶೆಲ್ಫು ಕೂರಿಸುವಾಗ ಮೇಸ್ತ್ರಿ ಒಂದು ಮಾತು ಹೇಳುತ್ತಾರೆ: "ಕಡಪ ಕಲ್ಲು ಎರಡಡಿ ಅಗಲ ಐತೆ ಸಾ, ಕುಯ್ಸಿದ್ರೆ ಸುಮ್ಕೆ ವೇಸ್ಟು." ಕಾಸು ಕೊಟ್ಟು ತಂದ ಕಲ್ಲನ್ನು ಕುಯ್ಯಿಸಲು ಮನೆಯವರಿಗೂ ಮನಸ್ಸು ಬರುವುದಿಲ್ಲ. ಹೀಗೆ ಚಿಂತಾಮಣಿ, ಶಿಡ್ಲಘಟ್ಟ, ಮುಳಬಾಗಿಲಿನ ಕಡೆ ಎಷ್ಟೋ ಮನೆಗಳಲ್ಲಿ ಸಾಮಾನಿನ ಶೆಲ್ಫಿಗೆ ಎರಡಡಿ ಆಳ ಬಂದುಬಿಟ್ಟಿದೆ. ಮುಂದೆ ಡಬ್ಬ ನಿಂತಿದ್ದರೆ ಅದರ ತಲೆಯ ಮೇಲಿಂದ ಕೈ ಹೋಗುವುದು ಹೆಚ್ಚೆಂದರೆ ಒಂದಡಿ. ಉಳಿದ ಅಡಿ ಇರುವೆ ಮತ್ತು ಜಿರಳೆಗಳ ಸ್ವಯಾರ್ಜಿತ.

ಲೆಕ್ಕ ಹಾಕಿ ನೋಡಿ. ಮೂರಡಿ ಉದ್ದ, ಎರಡಡಿ ಆಳದ ಕಲ್ಲಿನ ಮೇಲೆ ಆರಿಂಚಿನ ಡಬ್ಬ ಸಾಲಿಗೆ 6ರಂತೆ ನಾಲ್ಕು ಸಾಲು, ಒಟ್ಟು 24 ಕೂರುತ್ತವೆ. ಕಣ್ಣಿಗೆ ಕಾಣುವುದು 6. ಮಿಕ್ಕ 18 ಇರುವುದು ಅಮ್ಮನ ತಲೆಯಲ್ಲಿ. ಆಕೆ ಎರಡು ದಿನ ಮದುವೆಗೆ ಹೋದರೆ ಮನೆಯ ಒಗ್ಗರಣೆ ಫೋನಿನಲ್ಲಿ ನಡೆಯಬೇಕು.

"ಅಮ್ಮಾ, ಸಾಸ್ವೆ ಎಲ್ಲೈತೆ?"

"ಎರಡ್ನೇ ಕಲ್ಲು, ಅವಲಕ್ಕಿ ಡಬ್ಬದ ಹಿಂದ್ಗಡೆ."

"ಇಲ್ಲೇನೋ ಸಣ್ಣಸಣ್ಣಕೆ ಐತೆ."

"ಅದು ರಾಗಿ ಕಣೋ. ಇನ್ನೂ ಹಿಂದಕ್ಕೋಗು."

ಇನ್ನೂ ಹಿಂದಕ್ಕೆ ಹೋದರೆ ಸಿಗುವುದು ಇತಿಹಾಸ. ಚಿಂತಾಮಣಿಯನ್ನೂ ಸೇರಿಸಿಕೊಂಡು ಚಿಕ್ಕಬಳ್ಳಾಪುರ ಕೋಲಾರದಿಂದ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಮೂಲೆಯಲ್ಲಿ ಸಿಕ್ಕ ಪೊಟ್ಟಣದ ಮೇಲೆ "ಚಿಂತಾಮಣಿ, ಕೋಲಾರ ಜಿಲ್ಲೆ" ಎಂದು ಅಂಗಡಿಯ ವಿಳಾಸವಿದ್ದರೆ ಒಳಗಿನ ಮಾಲು ಅವಿಭಜಿತ ಜಿಲ್ಲೆಯದು. ಅಂಗಡಿಯವರು ಹಳೇ ಕವರು ಮುಗಿಯುವ ತನಕ ಹೊಸದು ಅಚ್ಚು ಹಾಕಿಸುವುದಿಲ್ಲ, ಅದಕ್ಕೊಂದು ಎರಡು ವರ್ಷ ವಿನಾಯಿತಿ ಕೊಡೋಣ.

ಈ ಪೊಟ್ಟಣಗಳು ಹುಟ್ಟುವುದಕ್ಕೆ ಸೋಮಾರಿತನ ಕಾರಣವಲ್ಲ, ಡಬ್ಬದ ಅಳತೆ ಕಾರಣ. ಒಂದು ಲೀಟರಿನ ಡಬ್ಬದಲ್ಲಿ ಅಕ್ಕಿಯಾಗಲಿ ತೊಗರಿಬೇಳೆಯಾಗಲಿ ಹಿಡಿಯುವುದು ಸುಮಾರು 800 ಗ್ರಾಂ. ಅಂಗಡಿಯಲ್ಲಿ ಕೊಡುವುದು ಒಂದು ಕೆಜಿ. ಮಿಕ್ಕ 200 ಗ್ರಾಮನ್ನು ಕವರಿನಲ್ಲೇ ಬಿಟ್ಟು, ರಬ್ಬರ್ ಬ್ಯಾಂಡ್ ಸುತ್ತಿ, "ಆಮೇಲೆ ಹಾಕಿದ್ರಾಯ್ತು" ಎಂದು ಹಿಂದಕ್ಕೆ ತಳ್ಳುತ್ತಾರೆ. ಆ 'ಆಮೇಲೆ' ಬರುವಷ್ಟರಲ್ಲಿ ರಬ್ಬರ್ ಬ್ಯಾಂಡ್ ಕರಗಿ ಕವರಿಗೆ ಅಂಟಿಕೊಂಡು, ಮುಟ್ಟಿದರೆ ತುಂಡಾಗಿ, ಬೇಳೆ ಕಲ್ಲಿನ ಸಂದಿಗೆ ಸೇರಿರುತ್ತದೆ. ಹೀಗಾಗಿ ಕೆಜಿಗೆ ಒಂದೂವರೆ ಲೀಟರಿನ ಡಬ್ಬ ಕೊಳ್ಳಿ. ಹಿಟ್ಟು ಇನ್ನೂ ಹಗುರ, ಕೆಜಿಗೆ ಎರಡು ಲೀಟರು ಬೇಕು. ಅವಲಕ್ಕಿಯ ವಿಷಯ ಎತ್ತಬೇಡಿ, ಅದಕ್ಕೆ ಎಷ್ಟು ದೊಡ್ಡ ಡಬ್ಬ ಕೊಟ್ಟರೂ ಸಾಲದು.

ದುಂಡು ಡಬ್ಬ ಚೌಕದೊಳಗೆ ನಿಂತರೆ ನಾಲ್ಕು ಮೂಲೆ ಸೇರಿ ಶೇಕಡಾ 21ರಷ್ಟು ಜಾಗ ಖಾಲಿ ಹೊಡೆಯುತ್ತದೆ. ಚೌಕದ ಡಬ್ಬವೇ ವಾಸಿ ಅಂತ ಹೇಳುವುದು ಸುಲಭ. ಆದರೆ ಮದುವೆಯಲ್ಲಿ ಬಂದ ಸ್ಟೀಲ್ ಡಬ್ಬಗಳ ಹೊಟ್ಟೆಯ ಮೇಲೆ ಸೋದರತ್ತೆಯ ಹೆಸರು, ತಾರೀಖು ಕೊರೆದಿರುತ್ತದೆ. ಅವನ್ನು ಹೊರಗೆ ಹಾಕುವ ಧೈರ್ಯ ಯಾರಿಗಿದೆ? ಇಡೀ ಶೆಲ್ಫಿನಲ್ಲಿ ಸರಿಯಾಗಿ ಬರೆದಿಟ್ಟ ತಾರೀಖು ಅಂದರೆ ಅದೊಂದೇ. ದುಂಡಗಿನವನ್ನು ರಾಗಿ, ಅಕ್ಕಿ ಇರುವ ಕೆಳಗಿನ ಕಲ್ಲಿಗೆ ಇಳಿಸಿ, ಸೋದರತ್ತೆ ಬಂದಾಗ ಕಾಣುವಂತೆ ಹೆಸರನ್ನು ಮುಂದಕ್ಕೆ ತಿರುಗಿಸಿ.

ಈಗ ಮುಖ್ಯವಾದದ್ದು. ಆಳದ ಶೆಲ್ಫಿಗೆ ಇರುವ ಕಾನೂನು ಒಂದೇ: ಮುಂದಿನ ಡಬ್ಬದ ಹಿಂದೆ ಅದರ ಅಣ್ಣನೇ ನಿಲ್ಲಬೇಕು. ಮುಂದೆ ತೊಗರಿಬೇಳೆ ಇದ್ದರೆ ಹಿಂದೆ ನಿಲ್ಲುವುದು ಕೂಡ ತೊಗರಿಬೇಳೆಯೇ. ಬೇಸಿಗೆಯಲ್ಲಿ ವರ್ಷಕ್ಕಾಗುವಷ್ಟು ಸಾರಿನಪುಡಿ ಮಾಡಿಸಿದರೆ ಕಾಲು ಕೆಜಿ ಮುಂದೆ, ಮಿಕ್ಕದ್ದು ಅದರ ಬೆನ್ನಿಗೆ. ಆಗ ಹಿಂದೆ ಏನಿದೆ ಎಂದು ಯಾರೂ ನೆನಪಿಡಬೇಕಿಲ್ಲ. ಮುಂದಿನದು ಖಾಲಿಯಾದಾಗ ಹಿಂದಿನದನ್ನು ಎಳೆದುಕೊಂಡರಾಯಿತು. ಬೆನ್ನಿಗೆ ಅಣ್ಣನೇ ಇಲ್ಲದ ಪದಾರ್ಥಗಳಿರುತ್ತವೆ, ಗಸಗಸೆ, ಸಬ್ಬಕ್ಕಿ, ಶ್ಯಾವಿಗೆ ಇತ್ಯಾದಿ. ಇವನ್ನು ಒಂದು ಉದ್ದನೆಯ ಟ್ರೇನಲ್ಲಿ ಒಂದರ ಹಿಂದೊಂದು ಇಟ್ಟು ಡ್ರಾಯರಿನಂತೆ ಎಳೆಯುವುದು ಮೇಲು. ಟ್ರೇ 20ರಿಂದ 22 ಇಂಚು ಉದ್ದ ಇರಲಿ. ಮನೆಯಲ್ಲಿ ಟೊಮೆಟೊ ಬೆಳೆಯುವವರಿಗೆ ಟ್ರೇ ಕೊಳ್ಳುವ ಖರ್ಚೂ ಇಲ್ಲ, ಕೋಲಾರದ ಮಂಡಿಗೆ 15 ಕೆಜಿ ಹೊತ್ತ ಹಳೇ ಕ್ರೇಟು ಸಾಕು. ಟೇಪು ಹಿಡಿದು ಅಳೆದು ನೋಡಿ, ಕೆಳಗೊಂದು ಗೋಣಿಚೀಲದ ತುಂಡು ಅಂಟಿಸಿ. ಇಲ್ಲದಿದ್ದರೆ ಬೆಳಗಿನ ಜಾವ ಕಾಫಿಗೆ ಎಳೆದ ಕ್ರೇಟಿನ ಸದ್ದಿಗೆ ಪಕ್ಕದ ಮನೆಯವರೂ ಕಾಫಿಗೆ ಎದ್ದುಬರುತ್ತಾರೆ. ತುಂಬಿದ ಕ್ರೇಟನ್ನು ಸೊಂಟಕ್ಕಿಂತ ಮೇಲಿನ ಕಲ್ಲಿಗೆ ಇಡುವುದು ಬೇಡ, ಎಳೆದವರ ಪಾದದ ಮೇಲೆ ಅದರ ಕಣ್ಣಿರುತ್ತದೆ.

ಚೀಟಿ ಅಂಟಿಸುವುದರಲ್ಲೂ ಎಡವುವವರಿದ್ದಾರೆ. ಮುಚ್ಚಳದ ಮೇಲೆ ಅಂಟಿಸಿದರೆ ತೊಳೆದ ದಿನ ಮುಚ್ಚಳಗಳು ಅದಲುಬದಲಾಗಿ ರವೆಯೆಲ್ಲ ಮೈದಾ ಆಗುತ್ತದೆ. ಡಬ್ಬದ ಹೊಟ್ಟೆಗೇ ಅಂಟಿಸಿ. 'ಕಡ್ಲೆ' ಎಂದಷ್ಟೇ ಬರೆದು ಕೈತೊಳೆದುಕೊಂಡರೆ ಏನೂ ಬರೆದಂತಾಗಲಿಲ್ಲ. ಕಡ್ಲೆಬೇಳೆಯೋ, ಕಡ್ಲೆಕಾಳೋ, ಹುರಿಗಡ್ಲೆಯೋ, ಕಡ್ಲೆಬೀಜವೋ, ಕಡ್ಲೆಹಿಟ್ಟೋ? ಈ ಸೀಮೆಯಲ್ಲಿ ಇನ್ನೊಂದು ತಾಪತ್ರಯವಿದೆ. ಮೊಮ್ಮಗಳು ಕನ್ನಡದಲ್ಲಿ 'ಉದ್ದಿನಬೇಳೆ' ಎಂದು ಚೆಂದವಾಗಿ ಬರೆದು ಅಂಟಿಸಿರುತ್ತಾಳೆ, ಅಜ್ಜಿ 'ಮಿನಪಪ್ಪು' ಎಲ್ಲಿ ಅಂತ ತೆಲುಗಿನಲ್ಲಿ ಹುಡುಕುತ್ತಾರೆ. ಸ್ಟೀಲಿನ ಬದಲು ಒಳಗಿನದು ಕಾಣುವ ಡಬ್ಬ ಇಟ್ಟರೆ ಎರಡು ಭಾಷೆಗೂ ಸಲ್ಲುತ್ತದೆ. ಹೆಸರಿನ ಕೆಳಗೆ ತುಂಬಿಸಿದ ತಿಂಗಳು ಬರೆಯಿರಿ.

ರಾಗಿಕಾಳು ಮಹಾ ಗಟ್ಟಿಜೀವ. ಹಿಂದಿನವರು ನೆಲದಡಿಯ ಹಗೇವಿನಲ್ಲಿ ವರ್ಷಗಟ್ಟಲೆ ಇಡುತ್ತಿದ್ದರು. ಹಿಟ್ಟಾದ ಮೇಲೆ ಮಾತ್ರ ಅದರ ಗುಣವೇ ಬೇರೆ, ದಿನ ಕಳೆದಂತೆ ಕಹಿಯಾಗುತ್ತದೆ, ಮೂರು ವಾರಕ್ಕೆ ಆಗುವಷ್ಟು ಮಾತ್ರ ಬೀಸಿಸಿ. ಮಿಲ್ಲಿನಿಂದ ಬಿಸಿಬಿಸಿಯಾಗಿ ಬಂದ ಹಿಟ್ಟನ್ನು ಹಾಗೇ ತುಂಬಿ ಮುಚ್ಚಳ ಒತ್ತಿದರೆ ಒಳಗೆ ಬೆವರಿಳಿದು ಗಂಟುಕಟ್ಟುತ್ತದೆ, ಮುಗ್ಗುತ್ತದೆ. ಪಂಚೆಯ ಮೇಲೆ ಹರವಿ, ಪೂರ್ತಿ ಆರಿದ ಮೇಲೆ ತುಂಬಿ. ಬಿಸಿಲಿಗೆ ಹಾಕಿದ ಬೇಳೆ, ಮೆಣಸಿನಕಾಯಿಗೂ ಇದೇ ಮಾತು.

ಒಣ ಅವರೆಕಾಳಿನಲ್ಲಿ ತೂತು ಬಿದ್ದರೆ ಡಬ್ಬವನ್ನು ಬೈಯಬೇಡಿ. ಆ ಹುಳ ಹೊಲದಲ್ಲೇ ಕಾಯಿಯ ಮೇಲೆ ಮೊಟ್ಟೆಯಿಟ್ಟು ಬಂದಿರುತ್ತದೆ. ಗಾಳಿಯಾಡದ ಡಬ್ಬಕ್ಕೆ ನೀವು ಹಾಕುವಾಗ ಅದಾಗಲೇ ಒಳಗೆ ಬಾಡಿಗೆಗೆ ಕೂತಿರುತ್ತದೆ. ಎರಡು ಮೂರು ದಿನ ಚುರುಕು ಬಿಸಿಲಿನಲ್ಲಿ ಒಣಗಿಸಿ. ಕೆಜಿ ಎರಡು ಕೆಜಿ ಆದರೆ ನಾಲ್ಕು ದಿನ ಫ್ರೀಜರಿನಲ್ಲಿಟ್ಟು, ಕವರು ಬಿಚ್ಚದೆ ಹೊರಗಿಟ್ಟು, ಚಳಿ ಬಿಟ್ಟ ಮೇಲೆ ಡಬ್ಬಕ್ಕೆ ಸುರಿಯಿರಿ. ಅಕ್ಕಿಗೆ ಬೋರಿಕ್ ಪುಡಿ ಬೆರೆಸುವ ಪದ್ಧತಿ ಬಿಡಿ, ಹೊಟ್ಟೆಗೆ ಹೋಗುವ ವಸ್ತುವಲ್ಲ ಅದು. ತೊಗರಿಬೇಳೆಗೆ ಕೆಜಿಗೊಂದು ಚಮಚ ಹರಳೆಣ್ಣೆ ಸವರುವುದು ಹಳೆಯ ಪದ್ಧತಿ, ತಪ್ಪಿಲ್ಲ, ತೊಳೆದು ಬೇಯಿಸಿದರಾಯಿತು. ಹಳೇ ಅಕ್ಕಿಯ ಮೇಲೆ ಹೊಸ ಅಕ್ಕಿ ಸುರಿಯುವುದಂತೂ ನುಸಿಗೆ ಬೀಗರೂಟ ಹಾಕಿಸಿದ ಹಾಗೆ.

ಹುಣಸೆಹಣ್ಣು ಸ್ಟೀಲ್ ಡಬ್ಬಕ್ಕೆ ಬೇಡ. ಬೀಜ, ನಾರು ತೆಗೆದು, ಉಪ್ಪು ಹಾಕಿ ಒತ್ತಿ ಪಿಂಗಾಣಿ ಜಾಡಿಯಲ್ಲಿಡಿ. ಇಲ್ಲದಿದ್ದರೆ ಹುಳಿಗೆ ಉಪ್ಪೂ ಸೇರಿ ಸೋದರತ್ತೆಯ ಹೆಸರಿನವರೆಗೂ ಚುಕ್ಕೆ ಬೀಳುತ್ತದೆ.

ಇಷ್ಟೆಲ್ಲ ಮಾಡಲು ಭಾನುವಾರ ಬೆಳಿಗ್ಗೆ ಎಲ್ಲವನ್ನೂ ಒಟ್ಟಿಗೆ ನೆಲಕ್ಕಿಳಿಸಬೇಡಿ. ಮಧ್ಯಾಹ್ನದ ಹೊತ್ತಿಗೆ ಮಕ್ಕಳಿಗೆ ಹಸಿವು, ಒಲೆಯ ಮುಂದೆ ಕಾಲಿಡಲು ಜಾಗವಿಲ್ಲ, ಹೋಟೆಲಿನ ಬಿರಿಯಾನಿಯೇ ಗತಿ. ದಿನಕ್ಕೊಂದು ಕಲ್ಲು ಸಾಕು.

ಆ ಅವಿಭಜಿತ ಜಿಲ್ಲೆಯ ಪೊಟ್ಟಣ ಏನು ಮಾಡುವುದು? ಒಳಗಿರುವುದು ಹಿಟ್ಟಾದರೆ ತಿಪ್ಪೆಗೆ. ಕೆಂಪಗೆ ಕಪ್ಪಗೆ ಸಣ್ಣ ಕಾಳಾದರೆ ಮೊದಲು ನಾಲ್ಕು ಕಾಳು ಕಡಿದು ನೋಡಿ. ಸಪ್ಪೆಯಾದರೆ ರಾಗಿ, ಕೋಳಿಗೆ ಹಾಕಿ. ಖಾರವಾಗಿ ಮೂಗಿಗೆ ಹತ್ತಿದರೆ ಸಾಸಿವೆ. ಜೋಪಾನವಾಗಿಡಿ. ಅಚ್ಚುಕಟ್ಟಾದ ಶೆಲ್ಫನ್ನು ಓರಗಿತ್ತಿ ನೋಡಿಹೋದ ಸಂಜೆ ದೃಷ್ಟಿ ತೆಗೆಯಲು ಬೇಕಾಗುತ್ತದೆ.